ಗಣಕದಲ್ಲಿ ಇ-ಮೇಲ್, ಕ್ಯಾಲೆಂಡರ್: ಪತ್ರ ಉಳಿಯುವುದು ಎಲ್ಲಿ?

ವಿಂಡೋಸ್ ಗಣಕಗಳ ಜೊತೆಗೇ ಬರುತ್ತಿದ್ದ ‘ಮೇಲ್’ ಮತ್ತು ‘ಕ್ಯಾಲೆಂಡರ್’ ತಂತ್ರಾಂಶಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯು 2024ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು. ಅವುಗಳ ಸ್ಥಾನಕ್ಕೆ ಬಂದದ್ದು ಹೊಸ ಔಟ್‌ಲುಕ್. ಇದಕ್ಕೆ ಜಿಮೇಲ್‌ನಂತಹ ಅನ್ಯ ಸಂಸ್ಥೆಯ ಖಾತೆಯನ್ನು ಜೋಡಿಸಿದರೆ ಪತ್ರಗಳ ಪ್ರತಿ ಮೈಕ್ರೋಸಾಫ್ಟ್‌ನ ಸರ್ವರ್‌ಗಳಿಗೂ ಹೋಗುತ್ತದೆ. ಅದು ಬೇಡವೆನ್ನುವವರಿಗೆ ಥಂಡರ್‌ಬರ್ಡ್ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. 2004ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಇದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. 2015ರಿಂದ ಕ್ಯಾಲೆಂಡರ್ ಕೂಡ ಇದರೊಳಗೇ ಸೇರಿಕೊಂಡಿದೆ.

ತಂತ್ರಾಂಶವನ್ನು ಅಳವಡಿಸುವುದು ಕೆಲವೇ ನಿಮಿಷಗಳ ಕೆಲಸ. ಹೆಸರು ಹಾಗೂ ಇ-ಮೇಲ್ ವಿಳಾಸ ನೀಡಿದರೆ ಸರ್ವರ್‌ನ ವಿವರಗಳನ್ನು ಅದು ಬಹುತೇಕ ತಾನೇ ಹುಡುಕಿಕೊಳ್ಳುತ್ತದೆ. ಆದರೆ ಅಲ್ಲಿ ಕಾಣುವ ‘ಐಮ್ಯಾಪ್’ ಮತ್ತು ‘ಪಾಪ್3’ ಎಂಬ ಎರಡು ಆಯ್ಕೆಗಳ ಮುಂದೆ ಒಂದು ಕ್ಷಣ ನಿಲ್ಲಬೇಕು. ಪತ್ರ ಕಳೆದುಕೊಂಡವರಲ್ಲಿ ಅನೇಕರು ಎಡವುವುದು ಇಲ್ಲಿಯೇ.

ಪಾಪ್ ಎಂದರೆ ಅಂಚೆ ಕಚೇರಿಯ ಪೆಟ್ಟಿಗೆಯಿಂದ ಕಾಗದಗಳನ್ನು ಮನೆಗೆ ತಂದಿಟ್ಟುಕೊಂಡಂತೆ. ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂಬ ಆಯ್ಕೆ ಇಲ್ಲದಿದ್ದರೆ ಅಲ್ಲಿನ ಪೆಟ್ಟಿಗೆ ಬರಿದಾಗುತ್ತದೆ. ಮನೆಯ ಗಣಕದ ಹಾರ್ಡ್ ಡಿಸ್ಕ್ ಕೆಟ್ಟರೆ ಪತ್ರಗಳೂ ಹೋದಂತೆಯೇ. ಐಮ್ಯಾಪ್‌ನಲ್ಲಿ ಕಾಗದ ಅಂಚೆ ಕಚೇರಿಯಲ್ಲೇ ಇರುತ್ತದೆ, ನಾವು ಎಲ್ಲಿಂದಾದರೂ ಓದುತ್ತೇವೆ. ಮೊಬೈಲ್, ಕಚೇರಿ, ಮನೆ ಹೀಗೆ ಮೂರು ಕಡೆ ಪತ್ರ ನೋಡುವವರಿಗೆ ಇದೇ ಸೂಕ್ತ. ಆದರೆ ಗಣಕದಲ್ಲಿ ಅಳಿಸಿದ ಪತ್ರ ಮೊಬೈಲ್‌ನಿಂದಲೂ ಮಾಯವಾಗುತ್ತದೆ ಎಂಬುದನ್ನು ಮರೆಯಬಾರದು. ಐಮ್ಯಾಪ್ ಇದೆಯೆಂದ ಮಾತ್ರಕ್ಕೆ ಪ್ರತಿ ಭದ್ರವಾಗಿದೆ ಎಂದು ಭಾವಿಸುವುದು ತಪ್ಪು. ಬ್ಯಾಂಕ್, ತೆರಿಗೆ, ನೇಮಕಾತಿಗೆ ಸಂಬಂಧಿಸಿದ ಪತ್ರಗಳನ್ನು ‘ಲೋಕಲ್ ಫೋಲ್ಡರ್ಸ್’ಗೆ ನಕಲು ಮಾಡಿ, ಥಂಡರ್‌ಬರ್ಡ್‌ನ ‘ಪ್ರೊಫೈಲ್’ ಕಡತಕೋಶವನ್ನು ಆಗಾಗ ಪೆನ್‌ಡ್ರೈವ್‌ಗೆ ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ.

ವಿವರಗಳು ತಾವಾಗಿಯೇ ಸಿಗದಿದ್ದಲ್ಲಿ ಪೋರ್ಟ್ ಸಂಖ್ಯೆಗಳನ್ನು ಕೈಯಿಂದ ತುಂಬಬೇಕಾಗುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಐಮ್ಯಾಪ್‌ನದು 993, ಪಾಪ್‌ನದು 995. ಪತ್ರ ಕಳುಹಿಸುವ ಎಸ್‌ಎಂಟಿಪಿಗೆ 465 ಅಥವಾ 587. ಪತ್ರ ಬರುತ್ತದೆ, ಹೋಗುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಈ ಕೊನೆಯ ಅಂಕಿಯೇ ಕಾರಣ.

ಜಿಮೇಲ್ ಖಾತೆಯಾದರೆ ಗೂಗಲ್‌ನ ಲಾಗಿನ್ ಪುಟವೇ ತೆರೆದುಕೊಳ್ಳುತ್ತದೆ. ‘ಒಆಥ್2’ ಎಂಬ ಈ ವಿಧಾನದಲ್ಲಿ ಪಾಸ್‌ವರ್ಡ್ ತಂತ್ರಾಂಶದ ಕೈಗೆ ಸಿಗದೆ, ಅನುಮತಿ ಮಾತ್ರ ಸಿಗುತ್ತದೆ. ಬರಿಯ ಪಾಸ್‌ವರ್ಡ್ ಕೊಟ್ಟು ಒಳಹೋಗುವ ಹಳೆಯ ಕ್ರಮವನ್ನು ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿತು. ಹಳೆಯ ತಂತ್ರಾಂಶ ‘ಪಾಸ್‌ವರ್ಡ್ ತಪ್ಪು’ ಎಂದು ಹಟ ಹಿಡಿದರೆ, ಪಾಸ್‌ವರ್ಡ್ ಸರಿಯೇ ಇದ್ದಿರಬಹುದು!

ಇನ್ನು ಕ್ಯಾಲೆಂಡರ್. ‘ನ್ಯೂ ಕ್ಯಾಲೆಂಡರ್’ನಲ್ಲಿ ‘ಆನ್ ದಿ ನೆಟ್‌ವರ್ಕ್’ ಆರಿಸಿ ಜಿಮೇಲ್ ವಿಳಾಸ ಕೊಟ್ಟರೆ ಆ ಖಾತೆಯ ಕ್ಯಾಲೆಂಡರ್‌ಗಳು ಕಾಣಿಸುತ್ತವೆ. ಗಣಕದಲ್ಲಿ ಬರೆದ ದಿನಾಂಕ ಮೊಬೈಲ್‌ನಲ್ಲಿಯೂ ಮೂಡಲು ನೆರವಾಗುವುದು ‘ಕ್ಯಾಲ್‌ಡಾವ್’ ಎಂಬ ಮಾನದಂಡ. ‘ಆನ್ ಮೈ ಕಂಪ್ಯೂಟರ್’ ಆರಿಸಿದರೆ ದಿನಾಂಕಗಳು ಆ ಗಣಕದಲ್ಲೇ ಉಳಿಯುತ್ತವೆ.

ಕಾಲವಲಯವನ್ನೂ ಪರೀಕ್ಷಿಸಿ. ವಿಂಡೋಸ್‌ನಲ್ಲಿ ‘ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ’ ಎಂದಿರಬೇಕು. ಬೆಂಗಳೂರಿನ ಹೆಸರನ್ನು ಹುಡುಕಿ ಪ್ರಯೋಜನವಿಲ್ಲ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9ಕ್ಕೆ ನಿಗದಿಯಾದ ಸಂದರ್ಶನ ನಮಗೆ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ವಲಯ ಸರಿಯಿದ್ದರೆ ಈ ಲೆಕ್ಕವನ್ನು ಗಣಕವೇ ಮಾಡುತ್ತದೆ.