ಎತ್ತೋ ಕೈಗಳ ಹಿಸ್ಟರಿ

ಇವತ್ತು ಮಿರ್ಜಾನ್ ಕೋಟೆ ಕತೆ ಇಲ್ಲ ಫ್ರೆಂಡ್ಸ್, ರಾಣಿಯರದ್ದೂ ಇಲ್ಲ. ಇದು ಮನೆಯೊಳಗಿನ ಹಿಸ್ಟರಿ. ಪೂರ್ತಿ ಓದಿ 🙏

ಮಸ್ಕ್ಯುಲರ್ ಡಿಸ್ಟ್ರೋಫಿ ಅಂದ್ರೆ ಸ್ನಾಯುಗಳು ವರ್ಷ ವರ್ಷ ಶಕ್ತಿ ಕಳ್ಕೊಳ್ಳೋ ಕಾಯಿಲೆ. ಅದರಲ್ಲಿ ಹಲವು ಬಗೆ. ಹೆಚ್ಚಾಗಿ ಗಂಡುಮಕ್ಕಳಿಗೆ ಬರೋದು ಡುಶೆನ್. 1851ರಲ್ಲೇ ಲಂಡನ್ನಿನ ಡಾಕ್ಟರ್ ಎಡ್ವರ್ಡ್ ಮೆರಿಯನ್ ಇದರ ಬಗ್ಗೆ ಹೇಳಿದ್ದರು. 1868ರಲ್ಲಿ ಫ್ರಾನ್ಸಿನ ಡುಶೆನ್ ವಿವರವಾಗಿ ಬರೆದರು, ಅವರ ಹೆಸರೇ ಉಳೀತು. ಮಗು ತೊಡೆ ಮೇಲೆ ಕೈ ಊರಿ ಊರಿ ಎದ್ದು ನಿಲ್ಲೋದಕ್ಕೆ 'ಗವರ್ಸ್ ಚಿಹ್ನೆ' ಅಂತಾರೆ. ಅದೂ ಡಾಕ್ಟರ ಹೆಸರೇ. ಆದ್ರೆ ಮನೇಲಿ ಅದನ್ನ ಮೊದಲು ನೋಡೋದು ಯಾರು ಹೇಳಿ? ಹೆಚ್ಚಾಗಿ ಅಮ್ಮ.

ಅವಳಿಗೆ ಸಿಗೋದು ಎಷ್ಟೋ ಸಲ ಬರೀ ಮಾತು: "ನಿನ್ನ ಕಡೆಯಿಂದಲೇ ಬಂದಿದ್ದು." ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ನಿಜ. ಆದ್ರೆ ಸುಮಾರು ಮೂರರಲ್ಲಿ ಒಂದು ಕೇಸಲ್ಲಿ ತಾಯಿ ಕ್ಯಾರಿಯರ್ ಅಲ್ಲವೇ ಅಲ್ಲ, ಬದಲಾವಣೆ ಹೊಸದಾಗಿ ಆಗಿರತ್ತೆ. ಕ್ಯಾರಿಯರ್ ಆಗಿದ್ರೂ ಅವಳ ತಪ್ಪೇನು? ಜೀನನ್ನ ಯಾರೂ ಆರಿಸ್ಕೊಳ್ಳಲ್ಲ.

ಈಗ ಭಟ್ಕಳ, ಹೊನ್ನಾವರ, ಕುಮಟಾದ ಯಾವುದೋ ಒಂದು ಮನೆ ಅಂದ್ಕೊಳ್ಳಿ. ಹತ್ತು-ಹನ್ನೆರಡರ ಹೊತ್ತಿಗೆ ಹುಡುಗನ ನಡಿಗೆ ನಿಲ್ಲತ್ತೆ. ಅವನ ತೂಕ ಏರತ್ತೆ, ಎತ್ತೋರ ವಯಸ್ಸೂ ಏರತ್ತೆ. ಮುಂದೆ ರಾತ್ರಿ ಮಗ್ಗುಲು ಬದಲಿಸೋಕೂ ಯಾರಾದ್ರೂ ಏಳಬೇಕು. ಬಚ್ಚಲು ಹೊರಗಿದ್ರೆ ಜಡಿಮಳೇಲೂ ಎತ್ಕೊಂಡೇ ಹೋಗ್ಬೇಕು. ದೊಡ್ಡ ತಪಾಸಣೆಗೆ ಮಣಿಪಾಲ, ಮಂಗಳೂರು, ಇಲ್ಲಾಂದ್ರೆ ಬೆಂಗಳೂರಿನ ನಿಮ್ಹಾನ್ಸ್. 2022ರಲ್ಲಿ ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಲ್ರೂ ಸ್ಟೇಟಸ್ ಹಾಕಿದ್ರಲ್ಲ, ನೆನಪಿದ್ಯಾ? ಈ ಮನೆಯವರಿಗೆ ಅದು ಬರೀ ಸ್ಟೇಟಸ್ ಅಲ್ಲ. ಒಂದೊಂದು ಓಡಾಟಕ್ಕೂ ಅಪ್ಪ-ಅಮ್ಮ ಇಬ್ಬರ ಕೂಲಿ ಹೋಗತ್ತೆ.

1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಈ ಕಾಯಿಲೆಯ ಹೆಸರಿರಲಿಲ್ಲ. 2016ರ ಕಾಯ್ದೆಯ 21ರಲ್ಲಿ ಬಂತು. ನೋಡ್ಕೊಳ್ಳೋರಿಗೆ ಅಂತ ತಿಂಗಳಿಗೆ 1000 ರೂಪಾಯಿ ಘೋಷಣೆ ಆಗಿದ್ದು 2024-25ರ ರಾಜ್ಯ ಬಜೆಟ್ಟಲ್ಲಿ. ಬಿಕಾಂ ಓದ್ತಿದ್ದೀನಲ್ಲ, ಲೆಕ್ಕ ಹಾಕ್ದೆ: ದಿನಕ್ಕೆ ಸುಮಾರು 33 ರೂಪಾಯಿ. ರಾತ್ರಿಪಾಳಿನೂ ಸೇರಿ. ಯಾವ ಲೆಡ್ಜರ್‌ನಲ್ಲೂ ಈ ದುಡಿಮೆಗೆ ಕಾಲಂ ಇಲ್ಲ.

ನಿಮ್ಮ ಕೇರಿಲಿ ಇಂಥ ಮನೆ ಇದ್ರೆ "ಪಾಪ" ಅನ್ಬೇಡಿ. ಒಂದು ಭಾನುವಾರ ಎರಡು ತಾಸು ಹೋಗಿ ಆ ಹುಡುಗನ ಜೊತೆ ಕೂತು ಮ್ಯಾಚ್ ನೋಡಿ. ಅಷ್ಟೊತ್ತು ಅವನಮ್ಮ ಮಲಗ್ಲಿ.

#ನಮ್ಮಉತ್ತರಕನ್ನಡ #ಮನೆಯೊಳಗಿನಹಿಸ್ಟರಿ