ಮುಖ ಮರೆಸಿಕೊಂಡ ವೀರ, ಮುಖವನ್ನೇ ನಂಬಿದ ಸಿನಿಮಾ

ಗಂಗಾವತಿ ಸೀಮೆಯ ಹೇಮಗುಡ್ಡವನ್ನು ಇಂದು ಹೊರಗಿನವರು ಬಲ್ಲದ್ದು ಅಲ್ಲಿಯ ದುರ್ಗಾಪರಮೇಶ್ವರಿಯಿಂದ ಮತ್ತು ದಸರೆಯ ಜಂಬೂಸವಾರಿಯಿಂದ. ಆದರೆ ಗುಡ್ಡದ ಕೋಟೆಗೋಡೆಯ ನೆನಪು ಕುಮ್ಮಟದ ಅರಸರವರೆಗೆ ಹೋಗುತ್ತದೆ. ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗ, ಹೊಳೆಯಾಚೆಯ ಕಂಪ್ಲಿ, ಇವೆಲ್ಲ ಹದಿನಾಲ್ಕನೆಯ ಶತಮಾನದ ಮೊದಲ ದಶಕಗಳಲ್ಲಿ ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲರಾಯನ ಆಳ್ವಿಕೆಯಲ್ಲಿದ್ದವು. ತಂದೆತಾಯಿಯರ ನೆನಪಿಗೆ ಅವನು ಲಿಂಗಪ್ರತಿಷ್ಠೆ ಮಾಡಿಸಿದ ತ್ರಿಕೂಟ ಗುಡಿ ಹಂಪಿಯ ಹೇಮಕೂಟದ ಮೇಲೆ ಶಾಸನಸಹಿತ ಇನ್ನೂ ನಿಂತಿದೆ. ಅವನ ಮಗನೇ ಗಂಡುಗಲಿ ಕುಮಾರರಾಮ. ವಿಜಯನಗರ ಹುಟ್ಟುವುದಕ್ಕೆ ಮುನ್ನವೇ ಸತ್ತುಹೋದ ಈ ರಾಜಕುಮಾರನನ್ನು ಕನ್ನಡದ ಜನ ಆರೇಳು ಶತಮಾನ ಹಾಡಿ, ಪೂಜಿಸಿ ಉಳಿಸಿಕೊಂಡರು. ಅಂಥ ಕಥೆ 2006ರಲ್ಲಿ ದೊಡ್ಡ ಪರದೆಗೆ ಬಂದಾಗ ಏಕೆ ಸಪ್ಪೆಯಾಯಿತು ಎಂಬ ಪ್ರಶ್ನೆಗೆ ಉತ್ತರ ಸಿನಿಮಾದ ಹಣದಲ್ಲಾಗಲಿ ನಟನ ಶ್ರಮದಲ್ಲಾಗಲಿ ಇಲ್ಲ; ಅದು ಕಥೆಯ ಹೊಟ್ಟೆಯಲ್ಲೇ ಇದೆ.

ಚರಿತ್ರೆ ಹೇಳುವುದು ಕಡಿಮೆ. ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಸಗರದಲ್ಲಿ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಸೋತು ಕಂಪಿಲರಾಯನ ಮರೆಹೊಕ್ಕ. ರಾಯ ಅವನನ್ನು ಬಿಟ್ಟುಕೊಡಲಿಲ್ಲ. 1327ರ ಹೊತ್ತಿಗೆ ದಿಲ್ಲಿಯ ಸೈನ್ಯ ಕೋಟೆಗಳನ್ನು ಮುರಿಯಿತು. ಮರೆಹೊಕ್ಕವನನ್ನು ನೆರೆಯ ಅರಸನಲ್ಲಿಗೆ ಕಳಿಸಿ, ಹೆಂಗಸರೆಲ್ಲ ಕೊಂಡಕ್ಕೆ ಬಿದ್ದ ಮೇಲೆ ರಾಯ ಹೊರಬಿದ್ದು ಕಾದಿ ಸತ್ತನೆಂದು ಇಬ್ನ್ ಬತೂತ ಬರೆಯುತ್ತಾನೆ. ಸೆರೆಸಿಕ್ಕಿ ಮತಾಂತರಗೊಂಡ ರಾಯನ ಮಕ್ಕಳಲ್ಲಿ ಮೂವರನ್ನು ಅವನು ದಿಲ್ಲಿಯಲ್ಲಿ ಕಂಡಿದ್ದ. ಅವರಲ್ಲೊಬ್ಬ ಸುಲ್ತಾನ ಕುಡಿಯುವ ನೀರಿಗೆ ಮುದ್ರೆಯೊತ್ತುವ ಅಧಿಕಾರಿ, ಬತೂತನ ಗೆಳೆಯ ಕೂಡ. ತಂದೆಯ ರಾಜ್ಯವನ್ನು ಸುಟ್ಟವನ ನೀರಿಗೆ ಮಗ ಕಾವಲಿದ್ದ ಎಂಬ ಈ ಒಂದು ಸಂಗತಿ ಸಾಕು, ಕುಮ್ಮಟದ ಪತನ ಎಷ್ಟು ಆಳದ್ದೆಂದು ತಿಳಿಯಲು.

ಜನ ಮಾತ್ರ ಬೇರೆ ಮಗನನ್ನು ನೆನೆದರು. ಸುಮಾರು 1525ರಲ್ಲಿ ನಂಜುಂಡ ಕವಿ, ಆಮೇಲೆ ಪಾಂಚಾಳ ಗಂಗ ಮೊದಲಾದವರು ಸಾಂಗತ್ಯದಲ್ಲಿ ಹಾಡಿದ ರಾಮ ‘ಪರನಾರಿ ಸಹೋದರ’. ಅವನ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ಅವನು ತಾಯಿ ಎಂದು ಕೈಮುಗಿದು ಹಿಂದೆ ಸರಿಯುತ್ತಾನೆ. ಕೆರಳಿದವಳ ದೂರು ನಂಬಿದ ತಂದೆ ಮಗನ ತಲೆ ತೆಗೆಸಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ಊರಿಗೆ ಊರೇ ಸತ್ತನೆಂದು ಅಳುವಾಗ ವೀರ ನೆಲದಡಿಯಲ್ಲಿ ಸುಮ್ಮನೆ ಕೂತಿರುತ್ತಾನೆ. ದಿಲ್ಲಿಯ ದಂಡು ಬಂದಾಗ ಹೊರಬಂದು ಕಾದುತ್ತಾನೆ, ಕೊನೆಗೆ ಸುಲ್ತಾನ ಕಳಿಸಿದ ಮಾತಂಗಿ ಎಂಬವಳ ದಂಡಿಗೆ ತಲೆ ಒಪ್ಪಿಸುತ್ತಾನೆ. ಒಂದು ಸುಳ್ಳು ತಲೆ, ಒಂದು ನಿಜದ ತಲೆ, ನಡುವೆ ಕಾಣದ ಮುಖ: ಕಥೆಯ ಬಲವೆಲ್ಲ ಇಲ್ಲಿದೆ. ಮಲೆನಾಡಿನ ಕೆಲವೆಡೆ ಅವನ ಪೂಜೆ ಇಡೀ ಮೂರ್ತಿಗಲ್ಲ, ಮರದಲ್ಲಿ ಕೆತ್ತಿದ ಮುಖಕ್ಕೆ ನಡೆಯುತ್ತದೆ. ಆ ಮುಖ ಯಾರ ಮುಖವೂ ಅಲ್ಲ. ಅದಕ್ಕೇ ಎಲ್ಲರದೂ ಆಯಿತು.

ಎಚ್.ಆರ್. ಭಾರ್ಗವ ನಿರ್ದೇಶಿಸಿದ ‘ಗಂಡುಗಲಿ ಕುಮಾರರಾಮ’ದಲ್ಲಿ ಆ ಮುಖ ಶಿವರಾಜ್‌ಕುಮಾರ್ ಅವರದಾಯಿತು. ಪ್ರೇಕ್ಷಕ ಚಿತ್ರಮಂದಿರಕ್ಕೆ ಬರುವುದೇ ಆ ಮುಖಕ್ಕಾಗಿ. ಅವನ ಅಭಿಮಾನವೇ ಬಂಡವಾಳವಾದಾಗ ನಾಯಕನನ್ನು ಮರೆಯಲ್ಲಿಡುವ ಧೈರ್ಯ ಯಾರಿಗೂ ಬಾರದು. ಸಾಂಗತ್ಯದ ಕೇಳುಗ ಸುಳ್ಳು ತಲೆಯ ಮುಂದೆ ನಿಂತು, ಒಳಗಿನ ಗುಟ್ಟನ್ನು ತಾನೊಬ್ಬನೇ ಬಲ್ಲವನಂತೆ ಎದೆಯಲ್ಲಿ ಹೊತ್ತಿರುತ್ತಾನೆ. ತಾರಾಚಿತ್ರದ ಪ್ರೇಕ್ಷಕನಿಗೆ ಆ ಭಾರ ಬೀಳುವುದಿಲ್ಲ; ನಾಯಕ ಸಾಯಲಿಲ್ಲವೆಂಬುದು ಅವನಿಗೆ ಟಿಕೆಟ್ ಕೊಂಡಾಗಲೇ ಗೊತ್ತು. ಕಥೆ ಬಲ್ಲವರಿಗೆ ಈ ಚಿತ್ರ ನಿರಾಸೆಯಾದದ್ದು ಇದರಿಂದಲೇ ಎಂಬುದು ನನ್ನ ನಿಲುವು.

ಇದಕ್ಕೆ ಒಂದು ಆಕ್ಷೇಪ ಸಹಜ: ನಂಜುಂಡನೇ ಚರಿತ್ರೆಯನ್ನು ಬದಲಿಸಿದ್ದಾನಲ್ಲ, ಸಿನಿಮಾ ಬದಲಿಸಿದರೆ ತಪ್ಪೇನು? ಬದಲಿಸಿದ್ದು ತಪ್ಪಲ್ಲ. ಘಟನೆಯಾಗಿ ಸುಮಾರು ಇನ್ನೂರು ವರ್ಷವಾದ ಮೇಲೆ ಬರೆದ ಕವಿ ಆಶ್ರಯ ಕೊಟ್ಟ ಅರಸನ ಕಥೆಯನ್ನು ಶೀಲ ಕಾಯ್ದ ಮಗನ ಕಥೆಯಾಗಿ ತಿರುಗಿಸಿದ. ಆದರೂ ಕೊಟ್ಟ ಮಾತಿಗಾಗಿ ಮನೆತನವೇ ಅಳಿದ ಸಂಕಟವನ್ನು ಅವನು ಕೈಬಿಡಲಿಲ್ಲ. ಮೂಲ ಕಾದಂಬರಿ ಬರೆದ ತ.ರಾ.ಸು. ಅವರಿಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಒಪ್ಪಿಗೆಯಾಗದಿದ್ದರೂ ಆ ಚಿತ್ರ ಗೆದ್ದು ನಿಂತದ್ದು, ಮೂಲದಿಂದ ದೂರ ಸರಿದೂ ಅದು ತನ್ನದೇ ಒಂದು ಉರಿಯನ್ನು ಹೊತ್ತಿಸಿಕೊಂಡಿದ್ದರಿಂದ. ಮೂಲನಿಷ್ಠೆಯನ್ನು ನಾನು ಕೇಳುತ್ತಿಲ್ಲ, ಆ ಉರಿಯನ್ನು ಕೇಳುತ್ತಿದ್ದೇನೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಮುಖ ತೋರಿಸದೆ ಸಿನಿಮಾ ಮಾಡುವುದು ಸಾಧ್ಯವೆ? ಇದಕ್ಕೆ ಕಾಮಿಕ್ಸ್ ಪುಸ್ತಕಗಳ ಲೋಕದಲ್ಲೇ ಉತ್ತರವಿದೆ. 1977ರಲ್ಲಿ ಬ್ರಿಟನ್ನಿನ ವಾರಪತ್ರಿಕೆಯೊಂದರಲ್ಲಿ ಹುಟ್ಟಿದ ಜಡ್ಜ್ ಡ್ರೆಡ್ ಎಂಬ ಪಾತ್ರ ಓದುಗರಿಗೆ ತನ್ನ ಪೂರ್ತಿ ಮುಖ ತೋರದೆಯೇ ಬೆಳೆಯಿತು. 1995ರ ಚಿತ್ರದಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಶಿರಸ್ತ್ರಾಣ ತೆಗೆದುಬಿಟ್ಟರು, ಓದುಗರು ಅದನ್ನು ಇಂದಿಗೂ ಕ್ಷಮಿಸಿಲ್ಲ. 2012ರಲ್ಲಿ ಕಾರ್ಲ್ ಅರ್ಬನ್ ಅದನ್ನು ಕೊನೆಯವರೆಗೂ ತೆಗೆಯಲಿಲ್ಲ. ಆ ಚಿತ್ರ ಹಣ ಗಳಿಸಲಿಲ್ಲ ನಿಜ, ಪಾತ್ರವನ್ನು ಮಾತ್ರ ಉಳಿಸಿತು. ಅಷ್ಟು ದೂರವೂ ಹೋಗಬೇಕಿಲ್ಲ. ಹೇಮಗುಡ್ಡವಿರುವ ಕೊಪ್ಪಳ ಜಿಲ್ಲೆಯದೇ ಮೋರನಾಳದಲ್ಲಿ ತೊಗಲುಗೊಂಬೆ ಕುಣಿಸಿ 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಪರಂಪರೆಯಲ್ಲಿ ಗೊಂಬೆಯ ಮುಖ ಒಮ್ಮೆ ಕೊರೆದು ಬಣ್ಣ ಹಚ್ಚಿದರೆ ಮುಗಿಯಿತು, ಕದಲುವುದಿಲ್ಲ. ಅಳು, ಕೋಪ, ಹೆದರಿಕೆ ಎಲ್ಲವೂ ಪರದೆಯ ಹಿಂದಿನ ದನಿಯಲ್ಲಿ ಬರುತ್ತವೆ, ಉಳಿದದ್ದನ್ನು ನೋಡುವವರು ತುಂಬಿಕೊಳ್ಳುತ್ತಾರೆ.

ಸಿನಿಮಾದಿಂದ ಪೇಟೆಯ ಮಕ್ಕಳಿಗೆ ಕುಮಾರರಾಮನ ಹೆಸರಾದರೂ ತಲುಪಿತು ಎನ್ನುವವರ ಮಾತನ್ನು ಒಪ್ಪುತ್ತೇನೆ. ಹೆಸರು ತಲುಪಿದರೆ ಸಾಲದು. ಈ ಕಥೆಯನ್ನು ಮತ್ತೆ ಪರದೆಗೆ ತರಬಯಸುವವರು ಮೊದಲು ಜಬ್ಬಲಗುಡ್ಡ, ಹೇಮಗುಡ್ಡಗಳ ಬಂಡೆಗಳ ನಡುವೆ ಒಂದು ದಿನ ಅಡ್ಡಾಡಲಿ, ಸಾಂಗತ್ಯ ಓದಲಿ, ತೊಗಲುಗೊಂಬೆಯವರ ಜೊತೆ ಕೂತು ಕಲಿಯಲಿ. ಆಮೇಲೆ ತಾರೆಯನ್ನು ಹುಡುಕುವ ಬದಲು ಹೊಸ ಹುಡುಗನೊಬ್ಬನನ್ನು ಆರಿಸಲಿ.