ಲೆಕ್ಕಕ್ಕುಂಟು, ಆಟಕ್ಕಿಲ್ಲ

ಬ್ರಿಟಿಷರ ನೊಗ ಕಿತ್ತೆಸೆದ ಅಮೆರಿಕ 1790ರ ಆಗಸ್ಟ್‌ನಲ್ಲಿ ತನ್ನ ಮೊದಲ ಜನಗಣತಿ ಶುರುಮಾಡಿತು. ಮನುಷ್ಯರೆಲ್ಲ ಸಮಾನರು ಅಂತ 1776ರಲ್ಲಿ ಜಗತ್ತಿಗೇ ಸಾರಿದ್ದ ದೇಶ ಅದು. ಆ ಮಾತು ಎಷ್ಟು ನಿಜ ಅಂತ ತಿಳಿಯಬೇಕಾದರೆ ನಾವು ನಾಯಕರ ಭಾಷಣ ಬಿಟ್ಟು ಗಣತಿಯ ಪಟ್ಟಿ ಓದಬೇಕು.

ಪಟ್ಟಿಯಲ್ಲಿ ಕುಟುಂಬದ ಯಜಮಾನರ ಹೆಸರು ಮಾತ್ರ. ಮುಂದೆ ಐದು ಕಾಲಂ: ಹದಿನಾರು ತುಂಬಿದ ಬಿಳಿ ಗಂಡಸರು, ಹದಿನಾರು ತುಂಬದ ಬಿಳಿ ಹುಡುಗರು, ಬಿಳಿ ಹೆಂಗಸರು, ಇತರ ಸ್ವತಂತ್ರರು, ಗುಲಾಮರು. ಗಂಡಸರ ವಯಸ್ಸು ಕೇಳಿದ್ದು ದುಡಿಯೋಕೆ, ಯುದ್ಧಕ್ಕೆ ಎಷ್ಟು ಕೈ ಸಿಗ್ತವೆ ಅಂತ ತಿಳಿಯೋಕೆ. ಹೆಂಗಸರ ವಯಸ್ಸು ಯಾರಿಗೂ ಬೇಕಿರಲಿಲ್ಲ. ಗುಲಾಮ ಗಂಡೋ ಹೆಣ್ಣೋ, ಹಸುಗೂಸೋ ಮುದುಕನೋ, ಅದೂ ಬೇಕಿರಲಿಲ್ಲ. ಆ ನೆಲದ ಮೂಲನಿವಾಸಿಗಳಲ್ಲಿ ತೆರಿಗೆ ಕಟ್ಟದವರನ್ನಂತೂ ಲೆಕ್ಕಕ್ಕೇ ತಗೊಳ್ಳಲಿಲ್ಲ.

ಒಟ್ಟು 39 ಲಕ್ಷ ಚಿಲ್ಲರೆ ಜನ. ಅವರಲ್ಲಿ ಸುಮಾರು 7 ಲಕ್ಷ ಗುಲಾಮರು. ಅಂದರೆ ಹೆಚ್ಚುಕಡಿಮೆ ಆರು ಜನಕ್ಕೆ ಒಬ್ಬರು.

ಹೆಸರಿಲ್ಲದ, ಓಟಿಲ್ಲದ ಇವರನ್ನು ಎಣಿಸಿದ್ದಾದರೂ ಯಾಕೆ? ಉತ್ತರ 1787ರ ಸಂವಿಧಾನದಲ್ಲಿದೆ. ಜನಸಂಖ್ಯೆ ನೋಡಿ ರಾಜ್ಯಗಳಿಗೆ ಸೀಟು ಹಂಚಬೇಕಿತ್ತು. ಗುಲಾಮರನ್ನು ಪೂರ್ತಿ ಎಣಿಸಿ ಅಂದವರು ಯಾರು ಗೊತ್ತೇ? ದಕ್ಷಿಣದ ರಾಜ್ಯಗಳ ಧಣಿಗಳು! ಬೇಡ ಅಂದವರು ಉತ್ತರದವರು. ಕೊನೆಗೆ ರಾಜಿಯಾಯಿತು: ಐದು ಗುಲಾಮರು ಮೂರು ತಲೆಗೆ ಸಮ. 'ಗುಲಾಮ' ಎಂಬ ಶಬ್ದವನ್ನೇ ಬರೆಯದೆ 'ಇತರ ವ್ಯಕ್ತಿಗಳು' ಅಂತ ನಾಜೂಕಾಗಿ ಬರೆದರು.

ಫಲ ನೋಡಿ. ವರ್ಜೀನಿಯಾದಲ್ಲಿ ಸ್ವತಂತ್ರರು ಸುಮಾರು 4 ಲಕ್ಷ 55 ಸಾವಿರ. ಪೆನ್ಸಿಲ್ವೇನಿಯಾದಲ್ಲಿ ಸುಮಾರು 4 ಲಕ್ಷ 30 ಸಾವಿರ. ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಕೆಳಮನೆಯಲ್ಲಿ ಪೆನ್ಸಿಲ್ವೇನಿಯಾಕ್ಕೆ ಸಿಕ್ಕಿದ್ದು 13 ಸೀಟು, ವರ್ಜೀನಿಯಾಕ್ಕೆ 19. ಆ ಹೆಚ್ಚುವರಿ ಸೀಟುಗಳು ಎಲ್ಲಿಂದ ಬಂದವು? ವರ್ಜೀನಿಯಾದ 2 ಲಕ್ಷ 92 ಸಾವಿರ ಗುಲಾಮರ ತಲೆಗಳಿಂದ. ರಾಷ್ಟ್ರಾಧ್ಯಕ್ಷರನ್ನು ಆರಿಸುವ ಮತಗಳಿಗೂ ಇದೇ ಲೆಕ್ಕ. ಹೊಗೆಸೊಪ್ಪಿನ ಹೊಲದಲ್ಲಿ ಅವರ ಬೆವರು ದೋಚಿದ್ದು ಸಾಲದೆ, ಅವರ ಎಣಿಕೆಯನ್ನೂ ದೋಚಿದರು. ನಮ್ಮಲ್ಲಿ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಅಂತಾರೆ. ಅಲ್ಲಿ ಆದದ್ದು ತಿರುಗಾಮುರುಗಾ.

1850 ಮತ್ತು 1860ರಲ್ಲಿ ಗುಲಾಮರಿಗೇ ಬೇರೆ ಪಟ್ಟಿ ಮಾಡಿದರು. ವಯಸ್ಸು, ಲಿಂಗ, ಮೈಬಣ್ಣ ಬರೆದರು. ಹೆಸರು ಮಾತ್ರ ಒಡೆಯನದು. 1865ರಲ್ಲಿ ಗುಲಾಮಗಿರಿ ರದ್ದಾಗಿ, 1870ರ ಗಣತಿ ಬಂದ ಮೇಲೇ ಆ ಲಕ್ಷಾಂತರ ಜನ ಅಮೆರಿಕದ ಗಣತಿಯಲ್ಲಿ ತಮ್ಮ ಹೆಸರು ಕಂಡದ್ದು.

ಗೆಳೆಯರೇ, ನಮ್ಮ ದೇಶದಲ್ಲಿ ಗಣತಿಯ ಕೆಲಸಕ್ಕೆ ಕೇರಿಗೆ ಬರೋರು ಹೆಚ್ಚಾಗಿ ಶಾಲೆಯ ಮೇಷ್ಟ್ರುಗಳೇ. ನಮ್ಮನ್ನು ಎಣಿಸಲಿ, ಸರಿಯಾಗಿ ಎಣಿಸಲಿ; ಅದು ನಮ್ಮ ಹಕ್ಕು. ಆದರೆ ಎಣಿಕೆ ಮುಗಿದ ಮೇಲೆ ಆ ಸಂಖ್ಯೆಯ ಬಲ ಯಾರ ಕೈ ಸೇರಿತು ಅಂತ ಕೇಳೋದೂ ನಮ್ಮ ಕೆಲಸವೇ.